ಬೆಳಗಿನ ಜಾವಾ

ಬೈತಖೋಲ ಬಂದರು, ಮೀನುಗಾರರ ಸೊಸೈಟಿ,
ಹರಾಜು ಕಟ್ಟೆಯ ಹಿಂದಿನ ಕೋಣೆ.
ಡೀಸೆಲ್ ಕೂಪನ್ನಿನ ಕಟ್ಟುಗಳ ನಡುವೆ
ಕಾಲೇಜಿನವರು ಗುಜರಿಗೆ ಹಾಕಲಿದ್ದ ಒಂದು ಪೆಟ್ಟಿಗೆ.
ಉಪ್ಪುಗಾಳಿ ಅದರ ತಿರುಪುಗಳ ರುಚಿ ಆಗಲೇ ನೋಡಿದೆ.
ವಿಂಡೋಸಿಗೆ ದುಡ್ಡಿಲ್ಲ ಎಂದರು ಚೇರ್ಮನ್ನರು.
ಲಿನಕ್ಸ್ ಹಾಕಿದೆ. ಅದಕ್ಕೆ ದುಡ್ಡು ಬೇಡ,
ನಿದ್ದೆ ಬೇಕು. ನನ್ನದು.

ಸರ್ವರ್ ಇಲ್ಲಿ ಕೂರಬೇಕು,
ಕ್ಲೈಂಟ್ ಅಲ್ಲಿ, ಐಸ್ ಫ್ಯಾಕ್ಟರಿಯ ತೂಕದ ಮೇಜಿನ ಮೇಲೆ.
ಯಾವ ದೋಣಿ, ಯಾವ ಮೀನು, ಎಷ್ಟು ಬುಟ್ಟಿ, ಯಾರ ಬಾಕಿ,
ಅಲ್ಲಿ ಕೇಳಿದ್ದಕ್ಕೆ ಇಲ್ಲಿಂದ ಉತ್ತರ.
ನಡುವೆ ನೂರಿಪ್ಪತ್ತು ಹೆಜ್ಜೆ.

ರಾತ್ರಿ ಕಾವಲಿನ ಪುರ್ಸು ತಾಂಡೇಲ ಬೀಡಿ ಆರಿಸಿ ಒಳಬಂದ.
ಏನು ಹಾಕ್ತಿದ್ದೀ ಬಾಯೇ?
ಜಾವಾ.
ಹೌದೇ! ಹಡಗಿನ ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದಾಗ
ಹೋಗಿದ್ದೆ ನಾನು, ಸುರಬಾಯಾ ಬಂದರಿಗೆ, ಎರಡು ಸಲ.
ಅಲ್ಲಿಯ ಒಣಮೀನೂ ನಮ್ಮದರ ಹಾಗೇ ನಾರುತ್ತದೆ.
ಅದಲ್ಲ ಮಾಮ ಎನ್ನಹೊರಟವಳು
ಹೆಸರು ಬಂದದ್ದು ಆ ಊರಿನ ಕಾಫಿಯಿಂದಲೇ ಎಂದು ನೆನಪಾಗಿ
ಹೂಂ, ಅದೇ, ಎಂದೆ.

ಅನುಮತಿ ಇಲ್ಲ, ಎಂದಿತು ಪರದೆ.
ಹೆಂಗಸರು ದೋಣಿ ಹತ್ತಬಾರದೆಂದು ಕೇಳುತ್ತ ಬೆಳೆದವಳು ನಾನು;
ಸುಡೋ ಎಂದೆ, ಪಾಸ್‌ವರ್ಡ್ ಒತ್ತಿದೆ.
ಒಂದು ಚುಕ್ಕಿಯೂ ಮೂಡಲಿಲ್ಲ.
ಕೀಲಿ ಕೆಟ್ಟಿದೆ, ಎಂದ ಮಾಮ.
ಕೆಟ್ಟಿಲ್ಲ. ಕತ್ತಲಲ್ಲಿ ಬಲೆ ಬಿಟ್ಟ ಹಾಗೆ,
ಬಿದ್ದದ್ದೇನೆಂದು ಎಳೆದಾಗಲೇ ಗೊತ್ತು.

ಸರ್ವರಿನ ಜಾವಾ ಹಳತು, ಕ್ಲೈಂಟಿನದು ಹೊಸತು.
ಮಾಜಾಳಿಯ ಅತ್ತೆ, ಭಟ್ಕಳದ ಸೊಸೆ,
ಒಬ್ಬರ ಮಾತು ಒಬ್ಬರಿಗೆ ಹತ್ತದು.
ಹಳತನ್ನು ಕಿತ್ತೆ. ಹೊಸತು ಇಳಿಯಬೇಕು,
ಮೊಬೈಲಿನ ಎರಡು ಕಡ್ಡಿ ಸಿಗ್ನಲಿನಲ್ಲಿ, ನೂರ ತೊಂಬತ್ತು ಎಂಬಿ.
ಅಷ್ಟರಲ್ಲಿ ಮಾಮನದು ಒಂದು ನಿದ್ದೆ, ನನ್ನದು ಎರಡು ಚಹಾ.

ಎಂಟು ಸಾವಿರದ ಎಂಬತ್ತನೇ ಪೋರ್ಟು
ಈಗಾಗಲೇ ಬಳಕೆಯಲ್ಲಿದೆ.
ಪೋರ್ಟು ಅಂದರೆ ಬಂದರೇ ಅಲ್ಲವೇನೆ?
ಯಾರದೋ ದೋಣಿ ಕಟ್ಟಿರಬೇಕು, ಹಗ್ಗ ನೋಡು.
ನೋಡಿದೆ. ನಿಜ. ಸಂಜೆ ನಾನೇ ಶುರುಮಾಡಿ ಮರೆತ ಸರ್ವರು
ಲಂಗರು ಹಾಕಿ ಕೂತಿದೆ, ಕರೆದರೆ ಓಗೊಡದು.
ಕೊಂದೆ. ಆ ಆದೇಶದ ಹೆಸರೇ ಅದು, ನಾನೇನು ಮಾಡಲಿ.

ಆಮೇಲೆ ಇದು:
ಜಾವಾ ಹೋಮ್ ಗೊತ್ತುಪಡಿಸಿಲ್ಲ.

ಕೈ ನಿಂತಿತು.
ಅರ್ಗಾದಲ್ಲಿ ನಮ್ಮದೊಂದು ಮನೆ ಇತ್ತಂತೆ,
ಅಂಗಳದಿಂದಲೇ ಕಡಲಿಗೆ ಇಳಿಯಬಹುದಿತ್ತಂತೆ.
ನೌಕಾನೆಲೆಯ ಗೋಡೆ ಎದ್ದಾಗ ನನಗೆ ಎರಡು ವರ್ಷ.
ತೋಡೂರಿನಲ್ಲಿ ಸೈಟು ನಂಬರೇ ನಮ್ಮ ವಿಳಾಸ.
ಆಯಿ ಇವತ್ತಿಗೂ ಮನೆಗೆ ಹೊರಟೆ ಎನ್ನುವುದಿಲ್ಲ,
ಕಾಲನಿಗೆ ಹೊರಟೆ ಎನ್ನುತ್ತಾಳೆ.
ಈ ಯಂತ್ರಕ್ಕೆ ಒಂದು ಸಾಲು ಸಾಕು:
ಓರೆಗೆರೆ, ಯುಎಸ್‌ಆರ್, ಓರೆಗೆರೆ, ಲಿಬ್, ಓರೆಗೆರೆ, ಜೆವಿಎಂ...
ಬರೆದೆ. ನಂಬಿತು.
ಪಹಣಿ ಕೇಳಲಿಲ್ಲ.

ನಾಲ್ಕು ಗಂಟೆ, ಬೆಳಗಿನ ಜಾವ.
ದೇವಗಡದ ದೀಪದಾಚೆ ಪರ್ಸೀನಿನ ಎಂಜಿನ್ ಸದ್ದು.
ಲ್ಯಾಪ್‌ಟಾಪನ್ನು ಎದೆಗವಚಿ ಓಡಿದೆ,
ಐಸಿನ ನೀರಲ್ಲಿ ಜಾರಿ, ಹಿಡಿದುಕೊಂಡು, ತೆರೆದೆ.
ಬೂದು ಚೌಕ. ತಿರುಗುವ ಬಿಲ್ಲೆ. ತಿರುಗುವ ಬಿಲ್ಲೆ.
ಸಂಪರ್ಕವಾಗಿದೆ.

ಕೂಗಿಬಿಟ್ಟೆನೇನೋ, ಬುಟ್ಟಿಯ ಹೆಂಗಸರು ತಿರುಗಿದರು.
ಏನೇ ಅದು?
ಸರ್ವರ್ ಸಿಕ್ಕಿತು!
ಎಷ್ಟಕ್ಕೆ? ಎಂದಳು ಮೋಗ್ರಿ ಬಾಯಿ.

ಮೊದಲ ನಮೂದು ಆಯಿಯದೇ.
ತಾರ್ಲಿ, ಹನ್ನೊಂದು ಬುಟ್ಟಿ.
ವಿಳಾಸದ ಖಾನೆಗೆ ಕೆಂಪು ನಕ್ಷತ್ರ,
ತುಂಬದೆ ಮುಂದೆ ಬಿಡದು.
ಒದ್ದೆ ಕೈ ಸೆರಗಿಗೆ ಒರೆಸುತ್ತ
ಅರ್ಗಾ, ಎಂದಳು.
ಎಂಟರ್ ಒತ್ತಿದೆ.
ಐಸ್ ಯಂತ್ರ ಶುರುವಾಗಿ ಬಲ್ಬು ಒಮ್ಮೆ ಮಿಟುಕಿತು;
ನೂರಿಪ್ಪತ್ತು ಹೆಜ್ಜೆ ಆಚೆಯಿಂದ ಪುರ್ಸು ಮಾಮ ಕೂಗಿದ:
ಉರೀತಿದೆ ಬಾಯೇ, ಇನ್ನೂ ಉರೀತಿದೆ.